ಒಳಗೇ ಮಳೆ ಬೀಳುವ ಹೋಟೆಲು: ಪೆನಾಂಗ್‌ನ ಹಳೇ ಮನೆಗಳಲ್ಲಿ ಉಳಿಯುವವರಿಗೆ

ಮಲೇಷ್ಯಾದ ಪೆನಾಂಗ್ ದ್ವೀಪದ ಜಾರ್ಜ್ ಟೌನ್. ಅಕ್ಟೋಬರ್ ತಿಂಗಳ ಒಂದು ಸಂಜೆ ನಾನೂ ಅಮ್ಮನೂ ಹೋಟೆಲಿನ ಬಾಗಿಲು ದಾಟಿದಾಗ ಒಳಗೆ ಮಳೆ ಸುರಿಯುತ್ತಿತ್ತು. ರಿಸೆಪ್ಷನ್ ಮೇಜಿನಿಂದ ಹತ್ತು ಹೆಜ್ಜೆ ಆಚೆ ಮಾಡು ಚೌಕವಾಗಿ ಬಾಯಿ ತೆರೆದುಕೊಂಡಿತ್ತು. ಅಲ್ಲಿಂದ ಇಳಿದ ನೀರು ಕಲ್ಲುಚಪ್ಪಡಿಯ ಮೇಲೆ ಬಿದ್ದು ಮೂಲೆಯ ಕಿಂಡಿಯತ್ತ ಹರಿಯುತ್ತಿತ್ತು. ಸೂಟ್‌ಕೇಸ್ ಎಲ್ಲಿಡಲಿ ಎಂದು ನಾನು ಹುಡುಕುತ್ತಿದ್ದರೆ ಅಮ್ಮ ಚಪ್ಪಲಿ ಕಳಚಿ ಕಲ್ಲಿನ ಅಂಚಿನ ಮೇಲೆ ಕೂತೇಬಿಟ್ಟಿದ್ದಳು. "ಇದು ನಮ್ಮಜ್ಜಿ ಮನೆ ತೊಟ್ಟೀನೇ ಕಣೇ" ಅಂದಳು.

ಆ ರಾತ್ರಿ ಬಿಸಿನೀರು ಬರಲಿಲ್ಲ. ಬೀದಿಯ ಸದ್ದಿಗೆ ನಿದ್ದೆಯೂ ಬರಲಿಲ್ಲ. ಕಡಿದಾದ ಮರದ ಮೆಟ್ಟಿಲು ಹತ್ತಿ ಅಮ್ಮನ ಮಂಡಿ ಹಿಡಿದುಕೊಂಡಿತು. ಆದರೂ ಆರು ರಾತ್ರಿ ಅಲ್ಲೇ ಉಳಿದೆವು, ಮತ್ತೆ ಹೋದರೆ ಅಲ್ಲಿಗೇ ಹೋಗುತ್ತೇವೆ. ಏಕೆಂದರೆ ಎರಡನೆಯ ದಿನದ ಹೊತ್ತಿಗೆ ನನಗೊಂದು ಭೇದ ತಿಳಿದಿತ್ತು. ಇಂಥ ಹೋಟೆಲುಗಳಲ್ಲಿ ಕೆಲವು ಕೊರತೆ ಮನೆಯದು, ಕೆಲವು ಮನೆ ನಡೆಸುವವರದು. ಮನೆಯ ಕೊರತೆಯನ್ನು ಬುಕ್ ಮಾಡುವ ಮುಂಚೆಯೇ ತಿಳಿದುಕೊಂಡು, ನಿಮಗೆ ಒಗ್ಗುತ್ತದೆಯೇ ಎಂದು ನೋಡಬೇಕು. ನಡೆಸುವವರ ಕೊರತೆಯನ್ನು ಬಂದ ದಿನವೇ ಹೇಳಿ ಸರಿಪಡಿಸಿಕೊಳ್ಳಬೇಕು. ಇವೆರಡನ್ನೂ ಕಲಸಿಕೊಂಡವರು ಮೆಟ್ಟಿಲು ಕಿರುಗುಟ್ಟುತ್ತದೆ ಎಂದು ಜಗಳವಾಡುತ್ತಾರೆ, ಕೆಟ್ಟ ಚಿಲಕದ ಬಗ್ಗೆ ಸುಮ್ಮನಿದ್ದುಬಿಡುತ್ತಾರೆ.

ಮನೆ ಹೇಗಿದೆ ಎಂದು ಮೊದಲು ಅರ್ಥ ಮಾಡಿಕೊಳ್ಳಿ

ಜಾರ್ಜ್ ಟೌನ್ ಅನ್ನು ಫ್ರಾನ್ಸಿಸ್ ಲೈಟ್ 1786ರಲ್ಲಿ ಬ್ರಿಟಿಷ್ ಬಂದರಾಗಿ ಕಟ್ಟಿಸಿದ. ಚೀನಾದಿಂದ, ತಮಿಳುನಾಡಿನಿಂದ, ಸುಮಾತ್ರಾದಿಂದ ಬಂದ ವ್ಯಾಪಾರಿಗಳು ಇಲ್ಲಿ ನೆಲೆಯಾದರು. ಅವರ ಮನೆಗಳಲ್ಲಿ ಕೆಳಗೆ ಅಂಗಡಿ, ಮೇಲೆ ವಾಸ. ಮುಂಭಾಗ ಕಿರಿದು, ಉದ್ದ ಮಾತ್ರ ರೈಲಿನ ಬೋಗಿಯಂತೆ ಹಿಂದೆ ಹಿಂದೆ ಹೋಗುತ್ತದೆ. ಎರಡೂ ಪಕ್ಕದ ಗೋಡೆಗಳು ನೆರೆಮನೆಗೆ ಅಂಟಿಕೊಂಡಿರುತ್ತವೆ. ಹೀಗಾಗಿ ಬೆಳಕು, ಗಾಳಿ ಬರಲು ಮೂರೇ ದಾರಿ: ಬೀದಿಯ ಕಡೆ, ಹಿತ್ತಿಲ ಕಡೆ, ನಡುವಿನ ತೊಟ್ಟಿ. ಮನೆಯ ಮುಂದೆ ಅಂಗಡಿಯಿಂದ ಅಂಗಡಿಗೆ ಸಾಗುವ, ಮೇಲಂತಸ್ತಿನ ನೆರಳಿರುವ ಜಗಲಿ ಇರುತ್ತದೆ. ಮಲಯ್ ಭಾಷೆಯಲ್ಲಿ ಅದು ಕಾಕಿ ಲಿಮಾ, ಅಂದರೆ ಐದಡಿ.

ಈ ಮನೆಗಳಲ್ಲಿ ಬಹುಕಾಲ ಕಡಿಮೆ ಬಾಡಿಗೆಯ ಸಂಸಾರಗಳಿದ್ದವು. 1966ರ ಬಾಡಿಗೆ ನಿಯಂತ್ರಣ ಕಾಯ್ದೆ 2000ದ ಜನವರಿಯಿಂದ ಇಲ್ಲವಾಯಿತು. ಬಾಡಿಗೆ ಏರಿತು, ಎಷ್ಟೋ ಸಂಸಾರ ಊರ ಹೊರಗೆ ಹೋದವು. 2008ರಲ್ಲಿ ಮಲಾಕ್ಕಾ ಜೊತೆಗೆ ಜಾರ್ಜ್ ಟೌನ್ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಖಾಲಿ ಮನೆಗಳು ಸಾಲುಸಾಲಾಗಿ ಹೋಟೆಲಾದವು. ನೀವು ಮಲಗುವ ಕೋಣೆ ಒಂದು ಕಾಲಕ್ಕೆ ಯಾರದೋ ಪಡಸಾಲೆ, ಯಾರದೋ ಉಗ್ರಾಣ. ಅದರ ನೆಲ ಮರದ್ದು, ಗೋಡೆ ಇಟ್ಟಿಗೆ ಮತ್ತು ಸುಣ್ಣದ ಗಾರೆಯದು. ಲಿಫ್ಟ್ ಇರುವುದಿಲ್ಲ. ಮೇಲಿನ ಕೋಣೆಯವರು ನಡೆದರೆ ಕೆಳಗೆ ಕೇಳಿಸುತ್ತದೆ, ಮಳೆಗಾಲದಲ್ಲಿ ಗೋಡೆ ತೇವ ಹೀರಿ ಬಣ್ಣ ಉದುರುತ್ತದೆ. ಇಷ್ಟನ್ನು ಒಪ್ಪಲಾಗದವರು ಹೊಸ ಬಹುಮಹಡಿ ಹೋಟೆಲನ್ನೇ ಆರಿಸಿಕೊಳ್ಳಲಿ. ಅದರಲ್ಲಿ ತಪ್ಪೇನಿಲ್ಲ.

ಬುಕ್ ಮಾಡುವ ಮುಂಚೆ ನಾಲ್ಕು ಪ್ರಶ್ನೆ

ಹೋಟೆಲಿಗೆ ನೇರವಾಗಿ ಮೆಸೇಜ್ ಕಳಿಸಿ ಕೇಳಿ. ಉತ್ತರ ಎಷ್ಟು ಬೇಗ, ಎಷ್ಟು ನೇರವಾಗಿ ಬರುತ್ತದೆ ಎನ್ನುವುದರಿಂದಲೇ ಅರ್ಧ ವಿಷಯ ತಿಳಿಯುತ್ತದೆ.

ಮೊದಲನೆಯದು, ಕಿಟಕಿ ಎಲ್ಲಿಗೆ ತೆರೆಯುತ್ತದೆ? ಮಲೇಷ್ಯಾದಲ್ಲಿ ಕಿಟಕಿಯೇ ಇಲ್ಲದ ಕೋಣೆಗಳನ್ನೂ ರಾಜಾರೋಷವಾಗಿ ಮಾರುತ್ತಾರೆ, ಬೆಲೆ ಸ್ವಲ್ಪ ಕಡಿಮೆ. ಉದ್ದನೆಯ ಮನೆಯ ನಡುವಿನ ಕೋಣೆಗೆ ಕಿಟಕಿ ಇಡಲು ಜಾಗವೇ ಇಲ್ಲದಿರುವುದು ಇದಕ್ಕೆ ಕಾರಣ. ಒಂದು ರಾತ್ರಿಗಾದರೆ ನಡೆದೀತು. ಮೂರು ರಾತ್ರಿಗೆ ಬೇಡ, ಮುಗ್ಗು ವಾಸನೆ ಬಟ್ಟೆಗೆ ಹತ್ತುತ್ತದೆ. ಬೀದಿಯ ಕಿಟಕಿ ಬಲು ಚೆಂದ. ಅಡ್ಡಪಟ್ಟಿಗಳ ಮರದ ಬಾಗಿಲು, ನಡುವಿನ ಕಡ್ಡಿಯನ್ನು ಕೆಳಗೆಳೆದರೆ ಪಟ್ಟಿಗಳೆಲ್ಲ ಒಟ್ಟಿಗೆ ಬಾಗಿ ಬೆಳಕು ನೆಲದ ಮೇಲೆ ಗೆರೆ ಎಳೆಯುತ್ತದೆ. ಆದರೆ ಆ ಪಟ್ಟಿಗಳು ಗಾಳಿಯನ್ನು ಬಿಟ್ಟಷ್ಟೇ ಸದ್ದನ್ನೂ ಬಿಡುತ್ತವೆ. ಚುಲಿಯಾ ಬೀದಿ, ಲವ್ ಲೇನ್ ಸುತ್ತಮುತ್ತ ರಾತ್ರಿ ಬಹಳ ಹೊತ್ತಿನವರೆಗೆ ಜನಸಂದಣಿ ಇರುತ್ತದೆ. ತೊಟ್ಟಿಯ ಕಡೆಗೆ ಕಿಟಕಿಯಿರುವ ಕೋಣೆ ಸಿಕ್ಕಿದರೆ ಅದನ್ನೇ ಹಿಡಿಯಿರಿ. ಬೆಳಕೂ ಉಂಟು, ನಿದ್ದೆಯೂ ಉಂಟು.

ಎರಡನೆಯದು, ಕೋಣೆ ಎಷ್ಟನೆಯ ಅಂತಸ್ತು, ಮೆಟ್ಟಿಲು ಹೇಗಿದೆ? ವಯಸ್ಸಾದವರು ಜೊತೆಗಿದ್ದರೆ ಮೆಟ್ಟಿಲಿನ ಫೋಟೊ ಕಳಿಸಲು ಕೇಳಿ. ನಾನು ಕೇಳಿರಲಿಲ್ಲ. ನಮ್ಮ ಹೋಟೆಲಿನ ಮೆಟ್ಟಿಲುಗಳು ನಡುವೆ ಸವೆದು ಸೌಟಿನ ಹಾಗೆ ಗುಳಿ ಬಿದ್ದಿದ್ದವು. ಕಾಲಿಟ್ಟರೆ ಹಿಮ್ಮಡಿಗೆ ಜಾಗ ಸಾಲದು, ಹಿಡಿಯಲು ಒಂದೇ ಕಡೆ ಕಂಬಿ. ಎರಡನೆಯ ದಿನ ಕೆಳಗಿನ ಕೋಣೆ ಖಾಲಿಯಾಯಿತೆಂದು ನಾವು ಬದುಕಿಕೊಂಡೆವು.

ಮೂರನೆಯದು, ಬಚ್ಚಲು ಕೋಣೆಯೊಳಗೇ ಇದೆಯೇ, ಅದರ ಗೋಡೆ ಮಾಡಿನವರೆಗೆ ಹೋಗುತ್ತದೆಯೇ? ಹಳೆಯ ಕೋಣೆಯ ಮೂಲೆಯಲ್ಲಿ ಆಮೇಲೆ ಬಚ್ಚಲು ಸೇರಿಸಿರುವ ಕಡೆ ಎಷ್ಟೋ ಸಲ ಗೋಡೆ ಆಳೆತ್ತರಕ್ಕೇ ನಿಂತಿರುತ್ತದೆ. ಗಂಡ-ಹೆಂಡತಿಗೆ ಪರವಾಗಿಲ್ಲ ಅನ್ನಿಸಬಹುದು. ಅತ್ತೆ-ಮಾವ, ಬೆಳೆದ ಮಕ್ಕಳು ಜೊತೆಗಿದ್ದರೆ ಎಲ್ಲರಿಗೂ ಮುಜುಗರ.

ನಾಲ್ಕನೆಯದು, ರಾತ್ರಿ ಹೋಟೆಲಿನಲ್ಲಿ ಯಾರಾದರೂ ಇರುತ್ತಾರೆಯೇ? ಏಳೆಂಟು ಕೋಣೆಯ ಹೋಟೆಲುಗಳಲ್ಲಿ ಸಂಜೆಯ ಮೇಲೆ ಬಾಗಿಲಿಗೆ ನಂಬರಿನ ಬೀಗ ಹಾಕಿ ಎಲ್ಲರೂ ಮನೆಗೆ ಹೋಗುವುದುಂಟು. ಹಾಗಿದ್ದರೆ ರಾತ್ರಿ ಎತ್ತುವ ಫೋನ್ ನಂಬರ್ ಮೊದಲೇ ಪಡೆದುಕೊಳ್ಳಿ.

ಇನ್ನು ರಿವ್ಯೂಗಳು. ಒಟ್ಟು ಅಂಕಿ ನೋಡಿ ಮರುಳಾಗಬೇಡಿ. ಕಳೆದ ಮೂರು ತಿಂಗಳಲ್ಲಿ ಬರೆದವನ್ನು ಮಾತ್ರ ಓದಿ, ಅದರಲ್ಲೂ ಸದ್ದು, ವಾಸನೆ, ತಿಗಣೆ ಎಂಬ ಮಾತುಗಳನ್ನು ಹುಡುಕಿ ನೋಡಿ. ಹೋಟೆಲಿನವರ ಫೋಟೊಗಿಂತ ಉಳಿದುಹೋದವರ ಫೋಟೊ ನಂಬಿ. ಮತ್ತು ಎಷ್ಟೇ ಇಷ್ಟವಾದರೂ ಮೊದಲಿಗೆ ಎರಡೇ ರಾತ್ರಿ ಬುಕ್ ಮಾಡಿ. ಚೆನ್ನಾಗಿದ್ದರೆ ಅಲ್ಲೇ ಮುಂದುವರಿಸಬಹುದು. ಇದು ಎಲ್ಲ ಕಾಲಕ್ಕೂ ಹೊಂದುವುದಿಲ್ಲ: ಚೀನೀ ಹೊಸ ವರ್ಷಕ್ಕೂ, ಜನವರಿ-ಫೆಬ್ರವರಿಯಲ್ಲಿ ಬರುವ ತಮಿಳರ ತೈಪೂಸಂ ಹಬ್ಬಕ್ಕೂ ಊರು ತುಂಬಿರುತ್ತದೆ, ಆಗ ಪೂರ್ತಿ ಬುಕ್ ಮಾಡಿಯೇ ಹೋಗಬೇಕು.

ಹೊರಡುವ ಮುಂಚಿನ ಕಾಗದಪತ್ರ

ಭಾರತೀಯರಿಗೆ 30 ದಿನಗಳವರೆಗಿನ ಪ್ರವಾಸಕ್ಕೆ ವೀಸಾ ಬೇಡವೆಂಬ ವ್ಯವಸ್ಥೆಯನ್ನು ಮಲೇಷ್ಯಾ 2023ರ ಡಿಸೆಂಬರ್ 1ರಿಂದ ತಂದಿದೆ. ಇದು ಅವಧಿಯಿಂದ ಅವಧಿಗೆ ಮುಂದುವರಿಸುವ ವಿನಾಯಿತಿ, ಹಾಗಾಗಿ ಟಿಕೆಟ್ ತೆಗೆಯುವ ದಿನ ಇನ್ನೊಮ್ಮೆ ನೋಡಿಕೊಳ್ಳಿ. ತಲುಪುವ ಮುಂಚಿನ ಮೂರು ದಿನಗಳೊಳಗೆ ಆನ್‌ಲೈನಿನಲ್ಲಿ ಡಿಜಿಟಲ್ ಅರೈವಲ್ ಕಾರ್ಡ್ ತುಂಬಬೇಕು, ಅದಕ್ಕೆ ಶುಲ್ಕವಿಲ್ಲ. ಅದರಲ್ಲಿ ಉಳಿಯುವ ಜಾಗದ ಪೂರ್ತಿ ವಿಳಾಸ ಕೇಳುತ್ತಾರೆ. ಹಳೇ ಮನೆ-ಹೋಟೆಲುಗಳ ಹೆಸರು ಬದಲಾಗುತ್ತಿರುತ್ತದೆ, ಬೀದಿಗಳಿಗೂ ಎರಡೆರಡು ಹೆಸರು. ಮನೆ ನಂಬರ್ ಸಮೇತ ಬರೆದಿಟ್ಟುಕೊಳ್ಳಿ.

ಅಲ್ಲಿನ ಪ್ಲಗ್ ಇಂಗ್ಲೆಂಡಿನ ಮಾದರಿಯದು, ಮೂರು ಚಪ್ಪಟೆ ಕಡ್ಡಿಗಳದು. ಹಳೆಯ ಕೋಣೆಗಳಲ್ಲಿ ಸಾಕೆಟ್ ಒಂದೋ ಎರಡೋ. ಅಡಾಪ್ಟರ್ ಒಂದು, ನಮ್ಮ ಊರಿನ ಎಕ್ಸ್‌ಟೆನ್ಷನ್ ಬಾಕ್ಸ್ ಒಂದು ಇದ್ದರೆ ಫೋನುಗಳಿಗೆಲ್ಲ ಸಾಕು. ಕೆಟಲ್, ಇಸ್ತ್ರಿಪೆಟ್ಟಿಗೆಯನ್ನು ಅದಕ್ಕೆ ಹಾಕಬೇಡಿ. ಕಿವಿಗೆ ಹತ್ತಿ ಅಥವಾ ಇಯರ್‌ಪ್ಲಗ್, ಸೊಳ್ಳೆಗೆ ಹಚ್ಚುವ ಮುಲಾಮು, ಸಣ್ಣ ಟಾರ್ಚ್ ಇರಲಿ. ಡೆಂಗಿ ಅಲ್ಲೂ ಇದೆ, ತೊಟ್ಟಿಯ ಸುತ್ತ ಗಿಡದ ಕುಂಡಗಳಿದ್ದರಂತೂ ಮುಲಾಮು ಬೇಕೇ ಬೇಕು.

ಕೀ ಕೈಗೆ ಬಂದ ಮೇಲಿನ ಹದಿನೈದು ನಿಮಿಷ

ಈ ಹದಿನೈದು ನಿಮಿಷ ನಿಮ್ಮ ಇಡೀ ವಾಸವನ್ನು ನಿರ್ಧರಿಸುತ್ತದೆ. ಸುಸ್ತಾಗಿರುತ್ತದೆ ನಿಜ, ಆದರೂ ಹಾಸಿಗೆಯ ಮೇಲೆ ಬೀಳಬೇಡಿ, ಬ್ಯಾಗನ್ನೂ ಅದರ ಮೇಲಿಡಬೇಡಿ. ಬ್ಯಾಗು ಬಚ್ಚಲಿನ ಒಣ ನೆಲದ ಮೇಲಿರಲಿ.

ಮೊದಲು ತಿಗಣೆ. ಬೆಡ್‌ಶೀಟಿನ ಮೂಲೆ ಎತ್ತಿ, ಹಾಸಿಗೆಯ ಹೊಲಿಗೆಯಗುಂಟ ಟಾರ್ಚ್ ಬಿಟ್ಟು ನೋಡಿ. ಮಂಚದ ತಲೆಯ ಕಡೆಯ ಹಲಗೆಯ ಸಂದನ್ನೂ ನೋಡಿ. ಇಂಕಿನ ಚುಕ್ಕಿ ಇಟ್ಟಂತೆ ಕಪ್ಪು ಕಲೆಗಳು ಸಾಲಾಗಿದ್ದರೆ ಆ ಕೋಣೆ ಬೇಡ. ಪಕ್ಕದ ಕೋಣೆ ಕೊಡುತ್ತೇವೆ ಎಂದರೂ ಒಪ್ಪಬೇಡಿ, ಕೋಣೆಗಳ ನಡುವೆ ಹಲಗೆಯ ಗೋಡೆಯಿರುವ ಮನೆಯಲ್ಲಿ ತಿಗಣೆಗೆ ಪಕ್ಕದ ಕೋಣೆ ದೂರವೇನಲ್ಲ. ಹಲ್ಲಿ ಕಂಡರೆ ಬಿಟ್ಟುಬಿಡಿ, ಅದು ಸೊಳ್ಳೆ ತಿನ್ನುತ್ತದೆ.

ಆಮೇಲೆ ಬಚ್ಚಲಿನ ಗೀಸರ್. ಅಲ್ಲಿ ನಮ್ಮ ಹಾಗೆ ದೊಡ್ಡ ಟ್ಯಾಂಕ್ ಕಡಿಮೆ. ಶವರಿನ ಪಕ್ಕ ಗೋಡೆಗೆ ಪುಟ್ಟ ಪೆಟ್ಟಿಗೆ ಹೊಡೆದಿರುತ್ತಾರೆ, ನೀರು ಹರಿದಾಗಲೇ ಕಾಯಿಸುವಂಥದ್ದು. ಅದರ ಮುಖ್ಯ ಸ್ವಿಚ್ ಹೆಚ್ಚಾಗಿ ಬಚ್ಚಲಿನ ಹೊರಗೆ. ಪೆಟ್ಟಿಗೆಯ ಮೇಲೆ ಟೆಸ್ಟ್ ಎಂಬ ಸಣ್ಣ ಗುಂಡಿ ಇರುತ್ತದೆ. ನೀರಿಗೆ ಇಳಿಯುವ ಮುಂಚೆ, ಒಣ ಕೈಯಲ್ಲಿ, ಸ್ವಿಚ್ ಹಾಕಿ ಆ ಗುಂಡಿ ಒತ್ತಿ. ಟಕ್ ಎಂದು ಕರೆಂಟ್ ಕಡಿದುಕೊಂಡು ದೀಪ ಆರಬೇಕು. ಆರಿದರೆ ಶಾಕ್ ತಡೆಯುವ ಭಾಗ ಕೆಲಸ ಮಾಡುತ್ತಿದೆ ಎಂದರ್ಥ, ಮತ್ತೆ ರೀಸೆಟ್ ಮಾಡಿ ಬಳಸಿ. ಆರದಿದ್ದರೆ ಅದನ್ನು ಹಾಕಲೇಬೇಡಿ, ಆ ಊರಿನ ಸೆಖೆಗೆ ತಣ್ಣೀರಾದರೂ ನಡೆಯುತ್ತದೆ.

ನೀರು ಬಿಸಿಯಾಗದೇ ಇದ್ದರೆ ಗೀಸರ್ ಕೆಟ್ಟಿದೆ ಎಂದೇ ಅಲ್ಲ. ಮೇಲಂತಸ್ತಿನಲ್ಲಿ ನೀರಿನ ಒತ್ತಡ ಕಡಿಮೆಯಾದರೆ ಆ ಪೆಟ್ಟಿಗೆ ಶುರುವೇ ಆಗುವುದಿಲ್ಲ. ನಮ್ಮ ಕೋಣೆಯಲ್ಲಿ ಆಗಿದ್ದು ಅದೇ. ಮರುದಿನ ಬೆಳಗ್ಗೆ ಕೆಲಸದ ಹುಡುಗ ಬಂದು ಪೆಟ್ಟಿಗೆಯ ಅಡಿಯ ವಾಲ್ವಿನ ಸೀಳಿಗೆ ನಾಣ್ಯ ಸಿಕ್ಕಿಸಿ ಕಾಲು ಸುತ್ತು ತಿರುಗಿಸಿದ. ನೀರು ಜೋರಾಯಿತು, ಕೆಂಪು ದೀಪ ಹೊತ್ತಿತು, ಅಷ್ಟೇ. ಹಿಂದಿನ ರಾತ್ರಿಯೇ ಕರೆದಿದ್ದರೆ ರಾತ್ರಿಯೇ ಆಗಿಬಿಡುತ್ತಿತ್ತು.

ಮೂರನೆಯದಾಗಿ ಬಾಗಿಲು. ಒಳಗಿನ ಚಿಲಕ ಹಾಕಿ, ಹೊರಗಿನಿಂದ ಯಾರಾದರೂ ತಳ್ಳಿ ನೋಡಲಿ. ಮಳೆಗೆ ಮರ ಉಬ್ಬಿ ಚಿಲಕ ಕೂರದೇ ಇರುವುದು ಸಾಮಾನ್ಯ. ಅದನ್ನು ಆ ದಿನವೇ ಸರಿಪಡಿಸಿಕೊಡಬೇಕು.

ಕೊನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ: ಬೆಂಕಿ ಬಿದ್ದರೆ ಎಲ್ಲಿಂದ ಓಡುತ್ತೀರಿ? ಮರದ ನೆಲ, ಮರದ ಮೆಟ್ಟಿಲು, ಉದ್ದನೆಯ ಮನೆ, ಎರಡು ಪಕ್ಕಕ್ಕೂ ಗೋಡೆ. ದಾರಿ ಇರುವುದು ಮುಂದೆ ಅಥವಾ ಹಿಂದೆ. ನಿಮ್ಮ ಕೋಣೆಯಿಂದ ಹಿಂಬಾಗಿಲವರೆಗೆ ಒಮ್ಮೆ ನಡೆದು ಬನ್ನಿ. ಅಲ್ಲಿ ಬೀಗ ನೇತಾಡುತ್ತಿದ್ದರೆ ಕೀ ಎಲ್ಲಿದೆ ಎಂದು ಕೇಳಿ. ಒಳಗಿನಿಂದ ಕೂಡಲೇ ತೆರೆಯಲಾಗದ ಹಿಂಬಾಗಿಲು, ಕಬ್ಬಿಣದ ಸರಳಿನ ಕಿಟಕಿ, ರಾತ್ರಿ ಯಾರೂ ಇಲ್ಲದ ರಿಸೆಪ್ಷನ್ ಮೂರೂ ಸೇರಿದರೆ ತೊಟ್ಟಿ ಎಷ್ಟೇ ಚೆಂದವಿರಲಿ, ಅಲ್ಲಿ ಮಲಗಬೇಡಿ. ಮಲೇಷ್ಯಾದ ತುರ್ತು ನಂಬರ್ 999.

ಮೊದಲ ರಾತ್ರಿ, ಮೊದಲ ಬೆಳಗು

ಮಲೇಷ್ಯಾದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದು. ಅಲ್ಲಿ ಬೆಳಗಿನ ಆರು ಎಂದರೆ ನಮ್ಮ ಮೈಗೆ ಇನ್ನೂ ಮೂರೂವರೆ. ಕಾಪಿತಾನ್ ಕೆಲಿಂಗ್ ಮಸೀದಿಯ ಬೀದಿಯಲ್ಲಿ ಮತ್ತು ಆಸುಪಾಸಿನಲ್ಲಿ ಮಸೀದಿ, ಚೀನೀಯರ ಕುವಾನ್ ಇನ್ ದೇವಾಲಯ, 1818ರ ಸೇಂಟ್ ಜಾರ್ಜ್ ಚರ್ಚ್, 1833ರ ಶ್ರೀ ಮಹಾಮಾರಿಯಮ್ಮನ್ ದೇವಸ್ಥಾನ ಎಲ್ಲ ನಡೆದು ಹೋಗುವಷ್ಟು ಹತ್ತಿರ. ನಸುಕಿನಲ್ಲಿ ಆಜಾನ್, ಆಮೇಲೆ ಗಂಟೆ, ಆಮೇಲೆ ಊದುಬತ್ತಿಯ ಹೊಗೆ. ಇದನ್ನು ಹೋಟೆಲಿನವರಿಗೆ ದೂರಿ ಉಪಯೋಗವಿಲ್ಲ, ಅದು ಆ ಊರಿನ ಉಸಿರು. ಎಚ್ಚರವಾಗಿಬಿಟ್ಟರೆ ಎದ್ದು ಹೊರಗೆ ನಡೆಯಿರಿ. ಸೂರ್ಯ ಹುಟ್ಟುವುದೇ ಏಳು ದಾಟಿದ ಮೇಲೆ, ಅಲ್ಲಿಯವರೆಗೆ ಬೀದಿ ತಂಪಾಗಿರುತ್ತದೆ.

ತಿಂಡಿಗೆ ಹೋಟೆಲಿನವರು ಬ್ರೆಡ್ಡಿನ ಜೊತೆ ಕಾಯಾ ಕೊಡುತ್ತಾರೆ. ತೆಂಗಿನ ಹಾಲಿನ ಆ ಹಸಿರು-ಕಂದು ಜಾಮಿನಲ್ಲಿ ಮೊಟ್ಟೆ ಇರುತ್ತದೆ, ತಿನ್ನದವರು ಗಮನಿಸಿ. ಭಾರತೀಯರ ಅಂಗಡಿಗಳಿರುವ ಲಿಟಲ್ ಇಂಡಿಯಾದಲ್ಲಿ ಇಡ್ಲಿ, ದೋಸೆ ಧಾರಾಳ. ಕುಡಿಯುವ ನೀರನ್ನು ಅಲ್ಲಿಯ ಜನ ಕಾಯಿಸಿಯೇ ಕುಡಿಯುತ್ತಾರೆ, ಕೋಣೆಯಲ್ಲಿ ಕೆಟಲ್ ಇಲ್ಲದಿದ್ದರೆ ಕೇಳಿ ತೆಗೆದುಕೊಳ್ಳಿ. ಡುರಿಯನ್ ಹಣ್ಣನ್ನು ಮಾತ್ರ ಹೋಟೆಲಿಗೆ ತರಬೇಡಿ. ವಾಸನೆ ದಿನಗಟ್ಟಲೆ ಹೋಗದು, ದಂಡವನ್ನೂ ಹಾಕುತ್ತಾರೆ.

ದೂರು ಹೇಳುವ ಬಗೆ

ನಮ್ಮವರಲ್ಲಿ ಎರಡು ಅಭ್ಯಾಸ ಕಂಡಿದ್ದೇನೆ. ಸಂಕೋಚದಿಂದ ಸುಮ್ಮನಿದ್ದು ಊರಿಗೆ ಬಂದು ಬೈಯುವುದು, ಇಲ್ಲವೇ ರಿಸೆಪ್ಷನ್‌ನಲ್ಲಿ ನಾಲ್ಕು ಜನರೆದುರು ದನಿ ಏರಿಸುವುದು. ಎರಡರಿಂದಲೂ ಬಿಸಿನೀರು ಬರುವುದಿಲ್ಲ. ಇಂಥ ಹೋಟೆಲುಗಳನ್ನು ಹೆಚ್ಚಾಗಿ ಒಂದು ಮನೆಯವರೇ ನಡೆಸುತ್ತಿರುತ್ತಾರೆ, ಮೇಜಿನ ಹಿಂದೆ ಕೂತವರೇ ಒಡೆಯರು. ಹಿರಿಯರನ್ನು ಅಲ್ಲಿ ಎಲ್ಲರೂ ಆಂಟಿ, ಅಂಕಲ್ ಎಂದೇ ಕರೆಯುತ್ತಾರೆ, ನೀವೂ ಹಾಗೇ ಕರೆಯಿರಿ. ಕೋಣೆಗೆ ಕರೆದುಕೊಂಡು ಹೋಗಿ ತೋರಿಸಿ. ಒಂದು ಸಲಕ್ಕೆ ಒಂದೇ ವಿಷಯ ಹೇಳಿ, ಎಷ್ಟು ಹೊತ್ತಿಗೆ ಆಗುತ್ತದೆ ಎಂದು ಕೇಳಿ. ಇಂಗ್ಲಿಷ್ ಸಾಮಾನ್ಯವಾಗಿ ನಡೆಯುತ್ತದೆ, ತಮಿಳು ಬಂದರೆ ಎಷ್ಟೋ ಕಡೆ ಇನ್ನೂ ಸಲೀಸು. ಕೆಲಸದವರಿಗೆ ಎರಡೂ ಬಾರದಿದ್ದರೆ "ಆಯೆರ್ ಪನಾಸ್ ತಾಕ್ ಅದಾ" ಎನ್ನಿ, ಬಿಸಿನೀರು ಇಲ್ಲ ಎಂದರ್ಥ. ಕೊನೆಗೆ "ತೆರಿಮಾ ಕಾಸಿಹ್" ಎಂದು ಧನ್ಯವಾದ ಹೇಳಿ.

ಅಮ್ಮನ ಮಂಡಿಯ ವಿಷಯ ನಾನು ಹೇಳುವ ಮುಂಚೆಯೇ ನಮ್ಮ ಹೋಟೆಲಿನ ಆಂಟಿಗೆ ಗೊತ್ತಾಗಿತ್ತು. ಮೆಟ್ಟಿಲಿನ ಸದ್ದಿನಲ್ಲೇ ಯಾರು ಹೇಗೆ ಹತ್ತುತ್ತಾರೆ ಎಂದು ಅವರಿಗೆ ತಿಳಿಯುತ್ತಿತ್ತಂತೆ. ಕೆಳಗಿನ ಕೋಣೆ ಖಾಲಿಯಾದ ಕೂಡಲೇ ಅವರೇ ಬಂದು ಬಾಗಿಲು ತಟ್ಟಿದರು. ಆ ಮೇಲಿನ ನಾಲ್ಕು ಮಧ್ಯಾಹ್ನ, ಭಾಷೆ ಅಷ್ಟಾಗಿ ಹೊಂದದಿದ್ದರೂ, ಇಬ್ಬರೂ ತೊಟ್ಟಿಯ ಅಂಚಿನಲ್ಲಿ ಕೂತು ಸೊಪ್ಪು ಬಿಡಿಸಿದ್ದನ್ನು ನಾನು ನೋಡಿದ್ದೇನೆ.

ಮಳೆ ಬಂದಾಗ

ಸೆಪ್ಟೆಂಬರಿನಿಂದ ನವೆಂಬರ್‌ವರೆಗೆ ಪೆನಾಂಗ್‌ನಲ್ಲಿ ಮಳೆ ಹೆಚ್ಚು. ತೊಟ್ಟಿಯ ಸುತ್ತಲಿನ ನೆಲ ಜಾರುತ್ತದೆ, ವಯಸ್ಸಾದವರಿಗೆ ರಬ್ಬರ್ ಅಟ್ಟೆಯ ಚಪ್ಪಲಿ ಇರಲಿ. ಸೂಟ್‌ಕೇಸನ್ನು ಗೋಡೆಗೆ ತಾಗಿಸದೆ ಗೇಣುದ್ದ ಬಿಟ್ಟು ಇಡಿ. ಒದ್ದೆ ಬಟ್ಟೆ ಕೋಣೆಯಲ್ಲಿ ಒಣಗುವುದಿಲ್ಲ, ಬೀದಿಯ ಲಾಂಡ್ರಿಗೆ ಕೊಡಿ. ಗೋಡೆಯ ಬಣ್ಣ ಉದುರುವುದು ಮನೆಯ ಕೊರತೆ. ದಿಂಬಿನ ಮೇಲೆ ಮಾಡಿನಿಂದ ಹನಿ ಬಿದ್ದರೆ ಅದು ನಡೆಸುವವರ ಕೊರತೆ, ಆಗ ಕೋಣೆ ಬದಲಾಯಿಸಿ ಎಂದು ಕೇಳುವುದು ನಿಮ್ಮ ಹಕ್ಕು.

ಹಣ, ಮತ್ತು ಬರೆದಿಡಬೇಕಾದ್ದು

ವಿದೇಶೀಯರಿಗೆ ಪ್ರತಿ ಕೋಣೆಗೆ ರಾತ್ರಿಗೆ 10 ರಿಂಗಿಟ್ ಪ್ರವಾಸೋದ್ಯಮ ತೆರಿಗೆ ಇದೆ. ಪೆನಾಂಗ್‌ನ ಸ್ಥಳೀಯ ಶುಲ್ಕ ಅದರ ಮೇಲೆ ಎರಡು ಮೂರು ರಿಂಗಿಟ್. ಬುಕಿಂಗ್ ಮೊತ್ತದಲ್ಲಿ ಇವು ಸೇರಿವೆಯೇ ಎಂದು ರಸೀದಿಯಲ್ಲಿ ನೋಡಿ, ಎರಡು ಸಲ ಕೊಡಬೇಡಿ. ಹಲವೆಡೆ ಹಿಂತಿರುಗಿಸುವ ಡಿಪಾಸಿಟ್ ಕೇಳುತ್ತಾರೆ. ಕೊಟ್ಟ ಕೂಡಲೇ ಚೀಟಿ ತೆಗೆದುಕೊಳ್ಳಿ, ಕೋಣೆಯಲ್ಲಿ ಮೊದಲೇ ಒಡೆದಿರುವ, ಕಲೆಯಾಗಿರುವ ವಸ್ತುಗಳ ಫೋಟೊ ಹಿಡಿದಿಡಿ. ಬೆಳಗಿನ ಜಾವದ ವಿಮಾನವಿದ್ದರೆ ಹಿಂದಿನ ಸಂಜೆಯೇ ಡಿಪಾಸಿಟ್ ವಾಪಸ್ ಪಡೆಯಿರಿ, ಬೆಳಗ್ಗೆ ನಾಲ್ಕಕ್ಕೆ ಅಲ್ಲಿ ಯಾರೂ ಇರುವುದಿಲ್ಲ.

ಊರಿಗೆ ಬಂದ ಮೇಲೆ ರಿವ್ಯೂ ಬರೆಯಿರಿ. ಅದ್ಭುತ, ಕಳಪೆ ಎಂಬ ಮಾತುಗಳಿಂದ ಮುಂದೆ ಹೋಗುವವರಿಗೆ ಏನೂ ತಿಳಿಯುವುದಿಲ್ಲ. ಯಾವ ಕೋಣೆ, ಕಿಟಕಿ ಎಲ್ಲಿಗೆ, ಏನು ಕೆಟ್ಟಿತ್ತು, ಹೇಳಿದ ಮೇಲೆ ಸರಿಯಾಯಿತೇ, ಇಷ್ಟು ಸಾಕು. ನಾನು ಬರೆದಿದ್ದು ಇದು: "ಮೇಲಿನ ಮುಂಭಾಗದ ಕೋಣೆ: ಬೀದಿಯ ಸದ್ದು ರಾತ್ರಿ ಒಂದರವರೆಗೆ. ಮೆಟ್ಟಿಲು ಕಡಿದಾಗಿದೆ, ಮಂಡಿನೋವಿನವರಿಗೆ ಆಗದು. ಬಿಸಿನೀರು ಮೊದಲ ದಿನ ಇರಲಿಲ್ಲ, ಹೇಳಿದ ಹತ್ತು ನಿಮಿಷಕ್ಕೆ ಬಂತು. ಕೆಳಗೆ ತೊಟ್ಟಿಯ ಪಕ್ಕದ ಕೋಣೆ: ನಿದ್ದೆ ಚೆನ್ನಾಗಿ ಬರುತ್ತದೆ, ಮಳೆಯ ಸದ್ದು ಮಾತ್ರ. ಹಿಂಬಾಗಿಲು ಒಳಗಿನಿಂದ ತೆರೆಯುತ್ತದೆ, ನಾನೇ ತೆರೆದು ನೋಡಿದ್ದೇನೆ."